ನೋವು ಮೊಣಕಾಲಲ್ಲಿ, ಗಡ್ಡೆ ಸೊಂಟದ ಬಳಿ

ದೀಪಾವಳಿ ಮುಗಿದ ಮೇಲೆ ನೀಲಾಳ ಮೊಣಕಾಲು ನೋಯತೊಡಗಿತು. ಒಂಬತ್ತನೇ ತರಗತಿಯ ಹುಡುಗಿ, ಖೋ ಖೋ ಆಡುವವಳು. ಎಲ್ಲೋ ಬಿದ್ದಿರಬೇಕು ಎಂದರು ಮನೆಯವರು. ಆಡುವ ಮಕ್ಕಳಲ್ಲದೆ ಇನ್ಯಾರು ಬೀಳುತ್ತಾರೆ?

ಅಲ್ಲದೆ ಮದ್ದು ಮಾಡುವ ಕೈ ಮನೆಯಲ್ಲೇ ಇತ್ತು. ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ದಾರಿಯಲ್ಲಿರುವ ಆ ಊರಿನಲ್ಲಿ ಯಾರ ಕಾಲು ಉಳುಕಿದರೂ, ಯಾವ ಕುರಿಯ ಕಾಲು ಮುರಿದರೂ ನೀಲಾಳ ಅಜ್ಜಿ ಸಿದ್ದಕ್ಕನ ಹತ್ತಿರವೇ ಬರಬೇಕು. ಬಿದಿರಿನ ದಬ್ಬೆ ಕಟ್ಟಿ ಎಷ್ಟೋ ಕುರಿಗಳನ್ನು ಮತ್ತೆ ನಡೆಸಿದ ಕೈ ಅದು. ಸಿದ್ದಕ್ಕ ಮೊಮ್ಮಗಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಬಿಸಿ ಮಾಡಿ ಮೊಣಕಾಲನ್ನು ತಿಕ್ಕಿದಳು. ನೋವು ಜಗ್ಗಲಿಲ್ಲ. ಹಗಲಿಗಿಂತ ರಾತ್ರಿಯೇ ಹೆಚ್ಚಾಯಿತು. ಸುಮ್ಮನೆ ಮಲಗಿದ್ದರೂ ಹುಡುಗಿ ನರಳುತ್ತಿದ್ದಳು. ಖಾನಾಪುರಕ್ಕೆ ಒಯ್ದು ಮೊಣಕಾಲಿನ ಎಕ್ಸ್‌ರೇ ತೆಗೆಸಿದರು. ಮೊಣಕಾಲಿನ ಎಲುಬಿಗೆ ಏನೂ ಆಗಿರಲಿಲ್ಲ.

"ನೋಡಿದೇನ? ಫೋಟೋದಾಗ ಛಲೋ ಐತಿ," ಎಂದು ಸಿದ್ದಕ್ಕ ಸೊಸೆ ಸಾವಂತ್ರವ್ವನಿಗೆ ಹೇಳಿದಳು. "ಒಳಗ ವಾಯು ಕುಂತೈತಿ. ಬರಿ ಹಾಕಿದ್ರ ಹೋಗತೈತಿ."

ಕುರಿ ಕಾಯುವವರ ಮನೆಯ ಹಳೆಯ ಪದ್ಧತಿ ಅದು. ಎಣ್ಣೆಗೆ ಬಗ್ಗದ ಕುಂಟುಗಾಲಿಗೆ ಕಾದ ಕುಡುಗೋಲಿನ ಬರೆ. ಸೋಮವಾರ ಬೆಳಿಗ್ಗೆ ಸಿದ್ದಕ್ಕ ಕುಡುಗೋಲಿನ ತುದಿಯನ್ನು ಒಲೆಯ ಕೆಂಡದಲ್ಲಿಟ್ಟಳು.

"ಆಯಿ, ಕುರಿಗೆ ಹಾಕಿದಂಗ ನನಗೂ ಹಾಕ್ತೀಯೇನ?"

"ಒಂದ ಗಳಿಗಿ ಉರೀತೈತಿ, ನನ್ನ ಬಂಗಾರಿ. ಆಮ್ಯಾಲ ಓಡತಿ ನೋಡು."

"ಕುರಿಯರೆ ಬ್ಯಾ ಅಂತೈತಿ. ನಾ ಏನಂತ ಒದರ್ಲಿ?"

ನಗುವಂತೆ ಕೇಳಿದಳು. ಕಣ್ಣಲ್ಲಿ ಮಾತ್ರ ನೀರಿತ್ತು.

ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಪ್ರಮಿಳಾ ಬಾಜೂ ಮನೆಯ ಬಾಣಂತಿಯನ್ನು ನೋಡಿಕೊಂಡು ಈ ಕಡೆ ಬಂದಳು. ಒಲೆಯಲ್ಲಿದ್ದ ಕುಡುಗೋಲನ್ನು ಕಂಡವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಒಳಗೆ ನುಗ್ಗಿದಳು.

"ಆಯಿ, ಒಂದೀಟ ತಡೀರಿ. ನೀಲಾ, ಚಕ್ಕಳಮಕ್ಕಳ ಹಾಕಿ ಕುಂದರು ನೋಡೂಣು."

ನೀಲಾಳಿಗೆ ಆಗಲಿಲ್ಲ. ತೊಡೆ ಹೊರಳಲೇ ಇಲ್ಲ.

"ಟೊಂಕದ ಫೋಟೋ ತಗಿಸೀರೇನು?"

ಸಿದ್ದಕ್ಕ ನಕ್ಕುಬಿಟ್ಟಳು. "ನೋವ ಮೊಣಕಾಲಾಗ, ಫೋಟೋ ಟೊಂಕದ್ದ! ಹೊಟ್ಟಿ ನೊಂದ್ರ ತಲಿಗೆ ಎಣ್ಣಿ ಹಚ್ಚಾಕಿ ನೀ. ಇದನ್ನ ಕಲಿಸಾಕ ಸರಕಾರ ನಿನಗ ಟ್ರೇನಿಂಗ್ ಕೊಟ್ಟೈತೇನ?"

"ಬೈರಿ, ಅಡ್ಡಿ ಇಲ್ಲ. ಮಕ್ಕಳಾಗ ಟೊಂಕದ ಕೀಲಿನ ನೋವ ಎಷ್ಟೋ ಸಲ ಮೊಣಕಾಲಿಗೆ ಇಳದ ಬರತೈತ್ರಿ. ನಿಮ್ಮ ಕೈಗೆ ತಿಳೀದ್ದ ಏನೈತಿ? ಒಮ್ಮಿ ಮ್ಯಾಲಿನ ತನಕಾ ಮುಟ್ಟಿ ನೋಡ್ರಿ."

ಅವಳ ಮಾತು ಸುಳ್ಳೆಂದು ತೋರಿಸಲಿಕ್ಕೇ ಸಿದ್ದಕ್ಕ ಕೈಯನ್ನು ಮೊಣಕಾಲಿನಿಂದ ಮೇಲಕ್ಕೆ ಸರಿಸಿದಳು. ಇಷ್ಟು ದಿನ ಆ ಕೈ ಅಲ್ಲಿಗೆ ಹೋಗಿರಲಿಲ್ಲ. ತೊಡೆಯ ಬುಡದಲ್ಲಿ, ಸೊಂಟದ ಹತ್ತಿರ, ಅದು ನಿಂತಿತು. ಒಳಗೆ ಏನೋ ಗಟ್ಟಿಯಾಗಿತ್ತು. ಅಲುಗುತ್ತಿರಲಿಲ್ಲ. ಮೇಲಿನ ಚರ್ಮ ಬಿಸಿಯಾಗಿತ್ತು. ಇನ್ನೊಂದು ಕಾಲನ್ನು ಮುಟ್ಟಿದಳು. ಅಲ್ಲಿ ಹಾಗಿರಲಿಲ್ಲ.

"ಇದು ಉಳುಕಲ್ಲ," ಎಂದಳು ಸಣ್ಣ ದನಿಯಲ್ಲಿ. ಕುಡುಗೋಲನ್ನು ಒಲೆಯಿಂದ ಎಳೆದು ನೀರಿನ ಬಕೆಟ್ಟಿಗೆ ಅದ್ದಿದಳು.

ನೀಲಾಳ ಅಪ್ಪ ಬಂಡೆಪ್ಪ ಹಾಲಿನ ಗಾಡಿಯ ಡ್ರೈವರ್. ಮರುದಿನ ಅದೇ ಗಾಡಿಯಲ್ಲಿ ಎಲ್ಲರೂ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋದರು. ಪ್ರಮಿಳಾ ಕೂಡ ಜೊತೆಗಿದ್ದಳು. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ತೊಡೆಯ ಎಲುಬಿನ ಮೇಲ್ತುದಿಯಲ್ಲಿ, ಸೊಂಟದ ಕೀಲಿನ ಬಳಿಯೇ, ಗಡ್ಡೆಯಿತ್ತು. ಸೂಜಿ ಹಾಕಿ ಅದರ ಸಣ್ಣ ಚೂರನ್ನು ಪರೀಕ್ಷೆಗೆ ತೆಗೆಯಬೇಕು ಎಂದರು ಡಾಕ್ಟರ್ ಬಸವಪ್ರಸಾದ.

ಸಿದ್ದಕ್ಕ ಅಡ್ಡ ನಿಂತಳು. "ಗಂಟಿಗೆ ಸೂಜಿ ತಾಗಿದ್ರ ಮೈಯೆಲ್ಲಾ ಹಬ್ಬತೈತಿ ಅಂತಾರ್ರಿ."

"ಯಾರೋ ಎಲ್ಲೋ ಚುಚ್ಚಬಾರ್ದು, ಅದು ಖರೇ. ಮುಂದ ಆಪರೇಷನ್ ಮಾಡೋರು ತಾವ ಜಾಗಾ ಗೊತ್ತ ಮಾಡಿ ಚುಚ್ಚಿದ್ರ ಹೆದರಬ್ಯಾಡ್ರಿ. ಯಾವ ನಮೂನಿ ಗಡ್ಡಿ ಅಂತ ತಿಳೀಲಾರ್ದ ಔಷಧ ಹೆಂಗ ಕೊಡೂದು, ಆಯಿ?"

ಪರೀಕ್ಷೆಯಲ್ಲಿ ಎಲುಬಿನ ಕ್ಯಾನ್ಸರ್ ಎಂದು ಬಂತು. ಬಂಡೆಪ್ಪ ಗೋಡೆಗೆ ಒರಗಿ ಕುಳಿತುಬಿಟ್ಟ. ಸಾವಂತ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಿದ್ದಕ್ಕನೇ ಕೇಳಿದಳು:

"ಕಾಲ ಕಡೀತೀರೇನ್ರಿ?"

"ಸುಳ್ಳ ಹೇಳಂಗಿಲ್ಲ ನಾ. ಭಾಳ ತಡಾ ಮಾಡಿ ಬಂದಾಗ, ರಕ್ತದ ನಾಳ, ನರ ಎಲ್ಲಾ ಗಡ್ಡ್ಯಾಗ ಸಿಕ್ಕೊಂಡಾಗ ಕಾಲ ತಗೀಬೇಕಾಗತೈತಿ. ಯಾಕಂದ್ರ ಜೀವಾ ಮೊದಲ. ನಿಮ್ಮ ಹುಡುಗಿಗೆ ಇನ್ನಾ ಅಲ್ಲೀತನಕ ಬಂದಿಲ್ಲ. ಮೊದಲ ಔಷಧದಿಂದ ಗಡ್ಡಿ ಹಿಡತಕ್ಕ ತರೂಣು. ಆಮ್ಯಾಲ ಕೆಟ್ಟ ಎಲುಬಷ್ಟ ತಗದು, ಅಲ್ಲಿ ಲೋಹದ ಎಲುಬು, ಲೋಹದ ಕೀಲು ಕೂಡಸ್ತೀವಿ. ಕಾಲ ಉಳಿಸಾಕ ನೋಡ್ತೀವಿ."

ಸಿದ್ದಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು. "ನಾ ತಿಕ್ಕಿದ್ದಕ್ಕ ಬಂತೇನ್ರಿ ಇದು?"

"ಇಲ್ಲ. ತಿಕ್ಕಿದ್ದಕ್ಕ ಬಂದಿಲ್ಲ, ಬಿದ್ದಿದ್ದಕ್ಕೂ ಬಂದಿಲ್ಲ. ಆದ್ರ ಇನ್ನ ಮ್ಯಾಲ ತಿಕ್ಕೂದು, ಒತ್ತೂದು, ಬರಿ ಏನೂ ಬ್ಯಾಡ. ಎಲುಬು ಸೊರಗೈತಿ, ಮುರದೀತು. ಕೈ ಹಿಡಕೊಂಡ ಕುಂದರ್ರಿ ಬೇಕಾದ್ರ. ಅದಕ್ಕ ಯಾರೂ ಬ್ಯಾಡ ಅನ್ನಂಗಿಲ್ಲ."

ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಚಿಕಿತ್ಸೆ ಮಾಡಿಸಲು ಪ್ರಮಿಳಾ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ ದಾರಿ ಮಾಡಿಕೊಟ್ಟಳು. ಬೆಳಗಾವಿಯ ಖಾಸಬಾಗದಲ್ಲಿ ಬಂಡೆಪ್ಪನ ತಂಗಿ ಕಾಂತಾಳ ಮನೆ ಇತ್ತು. ಔಷಧದ ದಿನಗಳಲ್ಲಿ ನೀಲಾ ಅಲ್ಲೇ ಉಳಿದಳು. ವಾಂತಿಯಾಯಿತು, ಕೂದಲು ಉದುರಿತು. ಆದರೆ ನೋವು ಇಳಿಯಿತು. ಬಹಳ ದಿನಗಳ ಮೇಲೆ ಹುಡುಗಿ ರಾತ್ರಿಯಿಡೀ ನಿದ್ದೆ ಮಾಡಿದಳು.

ಎಡವಟ್ಟಾದದ್ದು ಅಲ್ಲೇ. ಆಪರೇಷನ್ನಿನ ದಿನ ಹತ್ತಿರ ಬಂದಾಗ ನೀಲಾ ಹಟ ಹಿಡಿದಳು.

"ನೋವ ಇಲ್ಲ ಈಗ. ಲೋಹದ ಎಲುಬ ಬ್ಯಾಡ ನನಗ. ಊರಿಗೆ ಹೋಗೂಣು, ಆಯಿ."

ಸಾವಂತ್ರವ್ವನಿಗೂ ಹಾಗೇ ಅನ್ನಿಸಿತು. "ಖರೇ ಐತಿ ಅತ್ತೀ. ಔಷಧಕ್ಕ ಕಮ್ಮಿ ಆಗೇತಿ. ಯಾಕ ಕೂಸಿನ ಮೈ ಕೊಯ್ಸೂದು?"

ಇಬ್ಬರೂ ಸಿದ್ದಕ್ಕನ ಮುಖ ನೋಡಿದರು. ಆಸ್ಪತ್ರೆ ಎಂದರೆ ಮೊದಲಿನಿಂದಲೂ ಮೂಗು ಮುರಿದವಳು ಅವಳು. ಈಗಲೂ 'ಬ್ಯಾಡ' ಎಂದರೆ ಬೇಡ ಎಂದೇ ಲೆಕ್ಕ. ಅವಳ ಮನಸ್ಸೂ ಆ ಕಡೆಯೇ ಎಳೆಯುತ್ತಿತ್ತು. ಮೊಮ್ಮಗಳ ಬೋಳು ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ತ್ವಾಳ ಹಟ್ಟಿ ಬಾಜೂಕ ಪೊದ್ಯಾಗ ಮಲಗೈತಿ ಅಂತ ತಿಳಿ. ಒದರವಲ್ದು. ಒದರವಲ್ದಂತ ಕುರಿ ಬಿಟ್ಟ ಮನಿಗೆ ಹೋಗ್ತಿಯೇನ?"

ನೀಲಾ ಅಜ್ಜಿಯ ಸೆರಗನ್ನು ಹಿಡಿದುಕೊಂಡಳು.

"ನನಗೂ ಹೆದರಿಕಿ ಐತಿ, ಬಂಗಾರಿ. ಹೆದರಕೋತನ ಹೋಗೂಣು. ನಿನ್ನ ಒಯ್ಯೂ ಗಾಡಿ ಆಪರೇಷನ್ ಖೋಲಿ ಬಾಗಲಾ ದಾಟೂತನಕಾ ಕೈ ಬಿಡಂಗಿಲ್ಲ ನಾ."

"ಬಾಗಲಾ ದಾಟಿದ ಮ್ಯಾಲ?"

"ಆಮ್ಯಾಲ ಡಾಕ್ಟರ್ ಕೈಯಾಗ. ಅವರ ಕೈನೂ ಕೈನ."

ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ತನಕ ನಡೆಯಿತು. ಸಿದ್ದಕ್ಕ ಹೊರಗೆ ಬೆಂಚಿನ ಮೇಲೆ ನೀರೂ ಕುಡಿಯದೆ ಕುಳಿತಿದ್ದಳು. ಡಾಕ್ಟರ್ ಬಂದು, "ಗಡ್ಡಿ ಪೂರ್ತಿ ತಗದೀವಿ, ಕಾಲ ಉಳದೈತಿ," ಎಂದಾಗ ಅವಳು ಎರಡೂ ಕೈ ಎತ್ತಿ ಮುಗಿದಳು. ಒಳಗೆ ಬಿಟ್ಟ ಮೇಲೆ ಹೊದಿಕೆಯ ಕೆಳಗಿಂದ ಇಣುಕುತ್ತಿದ್ದ ಪಾದವನ್ನು ನೋಡಿದಳು. ಮುಟ್ಟಲು ಅಂಜಿದಳು. ನೀಲಾಳೇ ಹೆಬ್ಬೆರಳನ್ನು ಮೆಲ್ಲಗೆ ಅಲ್ಲಾಡಿಸಿದಳು.

ಕೆಲವು ದಿನಗಳಲ್ಲಿ ವಾಕರ್ ಹಿಡಿಸಿ ನಿಲ್ಲಿಸಿದರು.

"ಭಾರ ಐತಿ, ಆಯಿ. ನನ್ನ ಕಾಲ ಅನಸವಲ್ದು."

"ಹೊಸಾ ಸೊಸಿ ಬಂದಂಗ ಅದು. ಹೊಂದಕೊಳ್ಳಾಕ ಟೈಮ್ ಬೇಕು."

"ಅತ್ತಿಗೂ ಟೈಮ್ ಬೇಕಾಗತೈತ್ರಿ," ಎಂದಳು ಸಾವಂತ್ರವ್ವ. ವಾರ್ಡಿನ ಹೆಂಗಸರೆಲ್ಲ ನಕ್ಕರು. ನಗುತ್ತಲೇ ನೀಲಾ ಒಂದು ಹೆಜ್ಜೆ ಇಟ್ಟಳು.

ಓಡುವ ಆಟ ಇನ್ನು ಅವಳಿಗಿಲ್ಲ. ಅದಕ್ಕಾಗಿ ಒಂದು ದಿನ ಪೂರ್ತಿ ಅತ್ತಳು. ಔಷಧ ಇನ್ನೂ ಬಾಕಿಯಿದೆ, ತಪಾಸಣೆಗೆ ವರ್ಷಗಟ್ಟಲೆ ಬರುತ್ತಿರಬೇಕು. ಆದರೆ ಈ ಜೂನಿನಲ್ಲಿ ಅವಳು ಕೋಲು ಹಿಡಿದು ಶಾಲೆಗೆ ಹೊರಟಿದ್ದಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ದುಡಿದು ದಣಿದು ಬಂದಾಗ ಮಗು ಕಾಲು ನೋವು ಎಂದರೆ 'ಮಲಗು, ಹೋಗತೈತಿ' ಎನ್ನುವುದೇ ನಮಗೆಲ್ಲ ಸುಲಭ. ಬಹಳ ಸಲ ಹೋಗುತ್ತದೆ ಕೂಡ. ಆದರೆ ವಾರಗಳು ಕಳೆದರೂ ಹೋಗದಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ, ಮಗು ಕುಂಟಿದರೆ, ಎಲುಬಿನ ಮೇಲೆ ಗಟ್ಟಿ ಬಾವು ಕಂಡರೆ ಎಣ್ಣೆಯನ್ನು ಪಕ್ಕಕ್ಕಿಡಿ, ಬರೆಯನ್ನಂತೂ ಹಾಕಲೇಬೇಡಿ. ಮೊಣಕಾಲು ನೋಯುತ್ತಿದ್ದರೆ 'ಸೊಂಟವನ್ನೂ ನೋಡ್ರಿ' ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಚಿಕಿತ್ಸೆ ಶುರುವಾದ ಮೇಲೆ ನೋವು ಇಳಿಯಿತೆಂದು ನಡುವೆ ಎದ್ದು ಬರಬೇಡಿ. ಮಗು ನೋವು ಎಂದಾಗ ನಂಬಿ. ದಾರಿ ತಿಳಿಯದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಾಗಿಲು ಬಡಿಯಿರಿ, ಅವರು ನಿಮ್ಮ ಜೊತೆಗೆ ಬರುತ್ತಾರೆ.