ಮಂಗಳವಾರದ ಸಬ್ಬತ್

ಜೀನು ಹೊಲಿಯುವ ಯಹೂದಿ ಹನಾನಿಯನಷ್ಟು ಕಟ್ಟುನಿಟ್ಟಾಗಿ ಸಬ್ಬತ್ ಎಂಬ ವಾರದ ಬಿಡುವಿನ ದಿನ ಆಚರಿಸುವವನು ಅಟ್ಲಾಸ್ ಬೆಟ್ಟದ ಈ ಮಗ್ಗುಲಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಕೆಟ್ಟದಾಗಿ ಆಚರಿಸುವವನೂ ಇರಲಿಲ್ಲ. ಇದನ್ನು ಹೇಳಿದ್ದು ನಾನಲ್ಲಪ್ಪ, ಅವನ ಹೆಂಡತಿ ಇಜ್ಜಾ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅವನ ದಬ್ಬಣ ಗೂಡಿಗೆ ಸೇರುತ್ತಿತ್ತು. ಆಮೇಲೆ ಒಂದು ಕಡ್ಡಿ ಮುರಿಯುತ್ತಿರಲಿಲ್ಲ, ಒಂದು ಗಂಟು ಬಿಚ್ಚುತ್ತಿರಲಿಲ್ಲ. ಆದರೆ ಶನಿವಾರ ಇಡೀ ದಿನ ಚಾಪೆಯ ಮೇಲೆ ಬಿದ್ದುಕೊಂಡು, ಸೂರಿನ ತೊಲೆ ದಿಟ್ಟಿಸುತ್ತಾ, ಯಾರ ಹೇಸರಗತ್ತೆಗೆ ಯಾವ ಜೀನು ಎಂದು ಮನಸ್ಸಿನಲ್ಲೇ ಹೊಲಿಯುತ್ತಿದ್ದ. ಸಂಜೆ ಮೂರು ನಕ್ಷತ್ರ ಕಂಡು ಸಬ್ಬತ್ ಮುಗಿದದ್ದೇ ತಡ, ದಬ್ಬಣಕ್ಕೆ ಕೈ ಹಾಕುತ್ತಿದ್ದ.

"ರೀ, ರಜ ನಿಮ್ ಕೈಗೆ ಮಾತ್ರ. ತಲೆ ಹೊಲೀತಾನೇ ಇರತ್ತೆ," ಎನ್ನುತ್ತಿದ್ದಳು ಇಜ್ಜಾ. "ದೇವರು ಲೋಕ ಮಾಡಿ ಮುಗಿಸಿ, ಆಹಾ ಚೆನ್ನಾಗಿದೆ ಅಂತ ನೋಡ್ಕೊಂಡು ಕೂತ. ನೀವು ತೊಲೆ ನೋಡ್ಕೊಂಡು ಬಿದ್ಕೋತೀರಿ!"

"ನಲವತ್ತು ವರ್ಷದಲ್ಲಿ ಒಂದ್ ಸಬ್ಬತ್ ಕೆಡಿಸಿದ್ದು ತೋರ್ಸು, ಆಮೇಲೆ ಮಾತಾಡು!" ಎಂದು ಅವನು ಗದರುತ್ತಿದ್ದ. ಆ ನಲವತ್ತು ವರ್ಷವೇ ಅವನ ಆಸ್ತಿ. ಬೇರೆ ಯಾವ ಹೆಮ್ಮೆಯೂ ಆ ಬಡಪಾಯಿಗೆ ಇರಲಿಲ್ಲ.

ಆ ವರ್ಷ ಹಿಮ ಕರಗುವ ಕಾಲಕ್ಕೆ, ಹರಿದ ಜೀನುಗಳನ್ನು ಹೊಲಿದುಕೊಡಲು ಎಂದಿನಂತೆ ಬೆಟ್ಟದ ಹಳ್ಳಿಗಳ ಕಡೆ ಹೊರಟ. ದಾರಿಯಲ್ಲಿ ಜ್ವರ ಹಿಡಿಯಿತು. ಮೇಲಿನ ಹುಲ್ಲುಗಾವಲಿನಲ್ಲಿ ಮೇಕೆ ಕಾಯುವವರ ಕಲ್ಲಿನ ಗುಡಿಸಲೊಂದು ಕಂಡಿತು. ಅದರ ಬಾಗಿಲವರೆಗೆ ಹೋದದ್ದು ನೆನಪಿತ್ತು, ಹೇಸರಗತ್ತೆಯಿಂದ ಉರುಳಿದ್ದು ನೆನಪಿರಲಿಲ್ಲ.

ಎಚ್ಚರವಾದಾಗ ಬೆಳಗಾಗಿತ್ತು. ಗುಡಿಸಲಿನ ಮುದುಕಿ ತೂಡಾ ಬಾಯಿಗೆ ಬಿಸಿ ಹಾಲು ಹನಿಸುತ್ತಿದ್ದಳು. ಅವಳ ಮೊಮ್ಮಗಳು, ಆರು ವರ್ಷದ ಯಾಮ್ನಾ, ಅವನ ಗಡ್ಡವನ್ನು ಎಳೆದು ನೋಡುತ್ತಿದ್ದಳು.

"ಇವತ್ತು ಯಾವ ವಾರ ತಾಯಿ?"

"ವಾರಾನಾ? ಮೇಕೆಗೆ ಎಂಥಾ ವಾರ ಅಣ್ಣಾ?"

"ನಾನು ಮಲಗಿ ಎಷ್ಟು ದಿನ ಆಯ್ತು?"

"ಆಯ್ತಪ್ಪ ಸುಮಾರು. ನಾಲ್ಕೋ, ಎಂಟೋ. ಸಾಯ್ತೀಯಾ ಬದುಕ್ತೀಯಾ ಅಂತ ನೋಡೋದೇ ಆಗಿತ್ತು, ಎಣಿಸ್ಕೊಂಡು ಕೂರ್ಲಾ?"

ಹನಾನಿಯ ತಟ್ಟನೆ ಎದ್ದು ಕೂತ. ಸಬ್ಬತ್ ಯಾವಾಗ ಎಂದು ತಿಳಿಯದ ಯಹೂದಿ! ಚಿಕ್ಕಂದಿನಲ್ಲಿ ಗುರುಗಳು ಹೇಳಿಕೊಟ್ಟದ್ದು ನೆನಪಾಯಿತು. ದಾರಿಯಲ್ಲಿ ದಿನದ ಲೆಕ್ಕ ತಪ್ಪಿದವನು ನೆನಪಾದ ದಿನದಿಂದ ಆರು ದಿನ ಎಣಿಸಿ ಏಳನೆಯದನ್ನು ಸಬ್ಬತ್ ಎಂದು ಇಟ್ಟುಕೊಳ್ಳಬೇಕು. ಆದರೆ ಆ ಏಳರಲ್ಲಿ ನಿಜವಾದ ಸಬ್ಬತ್ ಯಾವುದೂ ಆಗಿರಬಹುದಲ್ಲ, ಅದಕ್ಕೇ ಒಂದೊಂದು ದಿನವೂ ಜೀವ ಉಳಿಯುವಷ್ಟನ್ನು ಬಿಟ್ಟು ಬೇರೆ ಕೆಲಸ ಮಾಡಕೂಡದು. "ಅಂಥ ಪೆದ್ದ ಯಾರಿರ್ತಾನೆ ಗುರುಗಳೇ?" ಎಂದು ಕೇಳಿ ಅವತ್ತು ಹನಾನಿಯ ಬೆತ್ತದ ರುಚಿ ನೋಡಿದ್ದ. ಆ ಪೆದ್ದ ತಾನೇ ಎಂದು ಈಗ ಗೊತ್ತಾಯಿತು. ಬೆಟ್ಟ ಇಳಿಯೋಣವೆಂದರೆ ಕಾಲಿನಲ್ಲಿ ಕಸುವಿಲ್ಲ, ಹಿಮದ ನೀರಿಗೆ ಹಳ್ಳ ತುಂಬಿ ದಾರಿಯೂ ಇಲ್ಲ.

ಮೊದಲನೆಯ ದಿನ ಕೈಕಟ್ಟಿ ಕೂತ. ಕೂತು ಕೂತು ಮೈ ಪರಚಿಕೊಳ್ಳುವಂತಾಯಿತು. ಎರಡನೆಯ ದಿನ ಅವನ ಹೇಸರಗತ್ತೆಯ ಜೀನಿನ ಪಟ್ಟಿ ಅರ್ಧ ಕಿತ್ತು ನೇತಾಡುತ್ತಿರುವುದು ಕಣ್ಣಿಗೆ ಬಿತ್ತು. ಬೆಳಗಿನಿಂದ ಅದನ್ನು ನೋಡಿದ, ಆ ಕಡೆ ತಿರುಗಿದ, ಮತ್ತೆ ನೋಡಿದ. ಕೊನೆಗೆ ದಬ್ಬಣ ಯಾವಾಗ ಕೈಗೆ ಬಂತೋ ತಿಳಿಯದು, ನಾಲ್ಕು ಹೊಲಿಗೆ ಬಿದ್ದೇಬಿಟ್ಟವು. ಐದನೆಯದಕ್ಕೆ ಬೆವರಿಬಿಟ್ಟ.

ಅಯ್ಯೋ ದೇವರೇ, ಇವತ್ತೇ ಸಬ್ಬತ್ ಆಗಿದ್ದರೆ?

ದಬ್ಬಣವನ್ನು ಮೂಲೆಗೆಸೆದು ತಲೆ ಮೇಲೆ ಕೈಹೊತ್ತು ಕೂತ. ನಲವತ್ತು ವರ್ಷ ಕಾಪಾಡಿಕೊಂಡು ಬಂದದ್ದು ನಾಲ್ಕು ಹೊಲಿಗೆಗೆ ಹೋಯಿತೋ ಏನೋ! ಅದೂ ಯಾರೂ ಕೇಳದ ಪಟ್ಟಿಗೆ!

ಮೂರನೆಯ ದಿನ ಯಾಮ್ನಾ ಬಂದು ತೋಳು ಹಿಡಿದೆಳೆದಳು. "ತಾತ, ನಿಂಗೆ ಹೆಂಗೂ ಕೆಲ್ಸ ಇಲ್ಲ. ಬಾ, ಒಂದು ತೋರಿಸ್ತೀನಿ."

ತೋರಿಸಿದ್ದು ಇರುವೆ ಸಾಲು.

"ಇರುವೆ ಕಣೇ. ನೋಡೋಕೇನಿದೆ?"

"ನೋಡಿದ್ಯಾ ಯಾವತ್ತಾದ್ರೂ?"

ಹನಾನಿಯ ಮೂವತ್ತು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದ, ಇರುವೆಯನ್ನು ತುಳಿದಿದ್ದ, ನೋಡಿರಲಿಲ್ಲ. ಹುಡುಗಿಯ ಪಕ್ಕ ಮಂಡಿಯೂರಿದ. ಒಂದು ಇರುವೆ ತನ್ನ ಮೂರರಷ್ಟು ಉದ್ದದ ಹುಲ್ಲಿನ ಬೀಜ ಹೊತ್ತು ಕಲ್ಲು ಹತ್ತುತ್ತಿತ್ತು, ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು. "ಹತ್ತೇ, ಹತ್ತೇ!" ಎಂದು ಹನಾನಿಯ ಕೂಗಿಬಿಟ್ಟ. ಅದು ಹತ್ತಿದಾಗ ಇಬ್ಬರೂ ಚಪ್ಪಾಳೆ ತಟ್ಟಿದರು.

ನಾಲ್ಕನೆಯ ದಿನ ಒಂದು ಕಪ್ಪು ಮೇಕೆ ಬಂಡೆಯ ಮರೆಯಲ್ಲಿ ನೋವು ತಿನ್ನುತ್ತಿತ್ತು. ಇವನು ಹತ್ತಿರ ಹೋಗಲು ನೋಡಿದರೆ ಯಾಮ್ನಾ ಅಂಗಿ ಹಿಡಿದಳು. "ಮುಟ್ಬೇಡ ತಾತ. ಅದಕ್ಕೆ ಗೊತ್ತು. ಸುಮ್ನೆ ಕೂತ್ಕೊಂಡು ನೋಡು."

ಸುಮ್ಮನೆ ಕೂತ. ಬಿಸಿಲೇರಿತು. ಒದ್ದೆ ಮರಿ ನೆಲಕ್ಕೆ ಬಿತ್ತು, ತಾಯಿ ನೆಕ್ಕಿತು. ಮರಿ ನಡುಗುತ್ತಾ ಎದ್ದಿತು, ಬಿದ್ದಿತು, ಮುಂದಿನ ಕಾಲಿನ ಮೇಲೆ ಎದ್ದರೆ ಹಿಂದಿನವು ಮಡಚಿಕೊಂಡವು. ಕೊನೆಗೆ ನಾಲ್ಕೂ ಕಾಲು ಊರಿ ನಿಂತು, ಲೋಕವೆಲ್ಲ ತನ್ನದೇ ಎನ್ನುವ ಹಾಗೆ ಒಮ್ಮೆ ಅರಚಿತು. ಅದರ ಹಿಂದೆ ಹಿಮದ ಶಿಖರ ಹೊಳೆಯುತ್ತಿತ್ತು, ಸುತ್ತ ಹಳದಿ ಹೂ. ಇದೆಲ್ಲ ಇವತ್ತೇ ಮಾಡಿಟ್ಟ ಹಾಗಿದೆಯಲ್ಲ ಎನಿಸಿ ಅವನಿಗೆ ಅಳು ಬಂತು. ಸಂತೋಷಕ್ಕೇ ಅತ್ತ, ನಾಚಿಕೆ ಪಡಲಿಲ್ಲ.

"ತಾತ, ನಕ್ಷತ್ರ!" ಎಂದು ಯಾಮ್ನಾ ಮೇಲೆ ತೋರಿಸಿದಾಗಲೇ ಸಂಜೆಯಾದದ್ದು ತಿಳಿದದ್ದು. ಇಡೀ ದಿನ ಒಂದೇ ಒಂದು ಜೀನೂ ನೆನಪಿಗೆ ಬಂದಿರಲಿಲ್ಲ.

ಐದು, ಆರು ಹಾಗೇ ಕಳೆದವು. ಏಳನೆಯದನ್ನು ಸಬ್ಬತ್ ಎಂದು ಇಟ್ಟುಕೊಂಡ. ತೂಡಾ ಹಿಂದಿನ ದಿನವೇ ಸುಟ್ಟುಕೊಟ್ಟಿದ್ದ ಎರಡು ಜವೆಗೋಧಿ ರೊಟ್ಟಿ ಮುಂದಿಟ್ಟುಕೊಂಡು ಎಂಥ ಗಂಟಲೆತ್ತಿ ಹಾಡಿದನೆಂದರೆ, ಮೇಕೆಗಳು ದಿಕ್ಕಾಪಾಲಾದವು.

"ನಿಮ್ ದೇವರಿಗೆ ಕಿವಿ ಮಂದವೇನಪ್ಪಾ?" ಎಂದಳು ತೂಡಾ.

"ಕಿವಿ ಮಂದ ಇದ್ದದ್ದು ನಂಗೆ ತಾಯಿ!" ಎಂದು ಇನ್ನೂ ಜೋರಾಗಿ ಹಾಡಿದ.

ಮರುದಿನ ಹಳ್ಳ ಇಳಿದಿತ್ತು. ಅವನ ಲೆಕ್ಕಕ್ಕೆ ಅದು ಭಾನುವಾರ. ಬೆಟ್ಟದ ಬುಡದಲ್ಲಿ ಬುಧವಾರದ ಸಂತೆ ಮೈದಾನವಿದೆ, ಮಿಕ್ಕ ದಿನ ಅಲ್ಲಿ ನಾಯಿಯೂ ಇರುವುದಿಲ್ಲ. ಹನಾನಿಯ ತಿರುವು ದಾಟಿ ನೋಡಿದರೆ ಕತ್ತೆ, ಉಪ್ಪು, ಉಣ್ಣೆ, ಜನವೋ ಜನ.

"ಭಾನುವಾರ ಎಂಥಾ ಸಂತೆ ಇದು?" ಎಂದು ಪರಿಚಯದ ಜವೆ ವ್ಯಾಪಾರಿ ಬಸ್ಸುವನ್ನು ಕೇಳಿದ.

"ಯಾಕಯ್ಯಾ, ಬಿಸಿಲಿಗೆ ತಲೆ ಕೆಡ್ತಾ? ಬುಧವಾರದ ಸಂತೆಗೆ ಬುಧವಾರ ಬರದೆ ಇನ್ಯಾವಾಗ ಬರ್ಲಿ?"

ಹಾಗಾದರೆ ನಿನ್ನೆ ಮಂಗಳವಾರ! ವಿಷಯ ಬಾಯಿಬಿಟ್ಟದ್ದೇ ತಪ್ಪಾಯಿತು. "ನಮ್ ಹನಾನಿಯ ಮಂಗಳವಾರ ಸಬ್ಬತ್ ಮಾಡಿ ಬಂದವ್ನೆ ಕಣ್ರೋ!" ಎಂದು ಬಸ್ಸು ಕೂಗಿದ, ಸಂತೆಗೆ ಸಂತೆಯೇ ಹೊಟ್ಟೆ ಹಿಡಿದು ನಕ್ಕಿತು. ಹನಾನಿಯನಿಗೆ ನಗು ಕೇಳಿಸಲಿಲ್ಲ. ಅವನ ಕಣ್ಣಮುಂದೆ ಆ ನಾಲ್ಕು ಹೊಲಿಗೆಗಳೇ ಕುಣಿಯುತ್ತಿದ್ದವು. ಹೊಲಿದದ್ದು ಯಾವ ವಾರ ಎಂದು ಹಿಂದಕ್ಕೆ ಎಣಿಸಲು ದಾರಿಯುದ್ದಕ್ಕೂ ಧೈರ್ಯ ಬರಲಿಲ್ಲ.

ಸಂಜೆ ಮನೆಯಲ್ಲಿ ಇಜ್ಜಾ ಎಲ್ಲ ಕೇಳಿದಳು. ಏಳು ಕಡಲೆಕಾಳು ತಂದು ಚಾಪೆಯ ಮೇಲೆ ಸಾಲಾಗಿ ಇಟ್ಟಳು.

"ಹೊಲಿದದ್ದು ಯಾವ ದಿನ?"

"ಎರಡನೇದು."

ಕೊನೆಯ ಕಾಳಿನ ಮೇಲೆ ಬೆರಳಿಟ್ಟಳು. "ಏಳನೇದು, ನಿನ್ನೆ, ಮಂಗಳವಾರ. ಆರು, ಸೋಮವಾರ. ಐದು, ಭಾನುವಾರ." ಬೆರಳು ನಾಲ್ಕನೆಯದರ ಮೇಲೆ ನಿಂತಿತು. "ರೀ. ನಾಲ್ಕನೇ ದಿನ ಏನ್ ಮಾಡಿದ್ರಿ?"

"ಏನೂ ಇಲ್ಲ ಕಣೇ. ಮೇಕೆ ಮರಿ ಹಾಕ್ತು. ನೋಡ್ಕೊಂಡು ಕೂತಿದ್ದೆ."

"ಇಡೀ ದಿನ?"

"ಇಡೀ ದಿನ. ನಕ್ಷತ್ರ ಬಂದದ್ದೂ ಗೊತ್ತಾಗ್ಲಿಲ್ಲ."

ಇಜ್ಜಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಹೊಲಿಗೆ ಬಿದ್ದದ್ದು ಗುರುವಾರ ಕಣ್ರೀ. ಮೇಕೆ ಮರಿ ಹಾಕಿದ್ದು ಶನಿವಾರ."

ಹನಾನಿಯ ಆ ಒಂದು ಕಾಳನ್ನು ನೋಡುತ್ತಲೇ ಇದ್ದ. ಆಮೇಲೆ ಎದ್ದು ನಿಂತು, ಅರವತ್ತು ವರ್ಷದ ಗಂಡಸು, ಥೈ ಥೈ ಕುಣಿದ. "ಉಳೀತು ಇಜ್ಜಾ! ನಲವತ್ತಕ್ಕೆ ನಲವತ್ತೂ ಉಳೀತು!"

"ನಲವತ್ತೂ ಇಲ್ಲ, ಗಿಲವತ್ತೂ ಇಲ್ಲ," ಎಂದಳು ಇಜ್ಜಾ, ಅಳುತ್ತಲೇ ನಗುತ್ತಾ. "ಒಂದು. ಇದೇ ಮೊದಲನೇದು."

ಅವನು ಜಗಳಕ್ಕೆ ಬರಲಿಲ್ಲ. ಹೂಂ ಎಂದ.

ಆ ಶನಿವಾರ ಊಟವಾದ ಮೇಲೆ ಇಜ್ಜಾ ಪಾತ್ರೆ ಎತ್ತಿಡಲು ಬಗ್ಗಿದಳು. ಹನಾನಿಯ ಅವಳ ತೋಳು ಹಿಡಿದೆಳೆದು ಹಿತ್ತಲಿನ ಆಕ್ರೋಟು ಮರದ ಬುಡಕ್ಕೆ ಕರೆದೊಯ್ದ.

"ಥೂ ನಿಮ್ಮ, ಇರುವೆ ಕಣ್ರೀ! ನೋಡೋಕೇನಿದೆ?"

"ನೋಡಿದ್ಯಾ ಯಾವತ್ತಾದ್ರೂ?"

ಗಂಡನಿಗೆ ನಲವತ್ತು ವರ್ಷ ಬುದ್ಧಿ ಹೇಳಿದ ಇಜ್ಜಾ ಲಂಗ ಒತ್ತರಿಸಿಕೊಂಡು ಅವನ ಪಕ್ಕದಲ್ಲಿ ನೆಲಕ್ಕೆ ಕೂತಳು. ಸ್ವಲ್ಪ ಹೊತ್ತಿಗೆ, "ಹತ್ತೇ, ಹತ್ತೇ!" ಎಂದು ಅವಳು ಕೂಗಿದ್ದು ಬೀದಿಯವರಿಗೆಲ್ಲ ಕೇಳಿಸಿತು.