ನಾಲ್ಕನೇ ಮಿಷನ್ನಿನ ದೃಷ್ಟಿಬೊಟ್ಟು

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಮೋಹನ್‌ಬಾಬು ಅವರದೊಂದು ಫ್ಯಾಕ್ಟರಿ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಮಾಡುವುದು ಅಲ್ಲಿನ ಕಸುಬು. ಆರು ಮಿಷನ್ನುಗಳಿವೆ. ನಾಲ್ಕನೆಯದು ಗಂಗುಲಮ್ಮನದು. ಕಾಗದಪತ್ರದಲ್ಲಿ ಅದು ಮೋಹನ್‌ಬಾಬು ಅವರದೇ ಇರಬಹುದು. ಆದರೆ ದಿನಾ ತೊಂಡೇಬಾವಿಯಿಂದ ರೈಲಿನಲ್ಲಿ ಬಂದು ಅದರ ಮೈ ಒರೆಸುವವಳು ಯಾರು? ಅದು ಮುನಿಸಿಕೊಂಡಾಗ ಬೈದು ರಮಿಸುವವಳು ಯಾರು? ಹಾಗಾಗಿ ಗಂಗುಲಮ್ಮನದೇ.

ಈ ಫ್ಯಾಕ್ಟರಿಗೆ ಯುಗಾದಿ ಕಳೆದ ಮೇಲೆ ಡಿಜಿಟಲ್ ಬಂತು. ಪ್ರತಿ ಮಿಷನ್ನಿನ ಬಾಯಿಯ ಮೇಲೊಂದು ಪುಟ್ಟ ಡಬ್ಬಿ, ಡಬ್ಬಿಯಲ್ಲೊಂದು ಗಾಜಿನ ಕಣ್ಣು. ಕೆಳಗೆ ಕ್ರೇಟು ಹಾದುಹೋದಂತೆಲ್ಲ ಕಣ್ಣು ಎಣಿಸುತ್ತದೆ, ಲೆಕ್ಕ ಗೋಡೆಯ ಟಿವಿಗೂ ಮೋಹನ್‌ಬಾಬು ಅವರ ಮೊಬೈಲಿಗೂ ಹೋಗುತ್ತದೆ. ಚೆನ್ನಾಗಿ ದುಡಿದ ಮಿಷನ್ನು ಹಸಿರು, ಸುಮಾರಾದದ್ದು ಹಳದಿ, ಸೋಮಾರಿ ಕೆಂಪು. ಅಂದಿನಿಂದ ಮೋಹನ್‌ಬಾಬು ಮಿಷನ್ನುಗಳ ಕಡೆ ನೋಡುವುದನ್ನೇ ಬಿಟ್ಟರು. ಮೊಬೈಲಿರುವಾಗ ಮಿಷನ್ನು ಯಾಕೆ ನೋಡಬೇಕು?

ಇದನ್ನೆಲ್ಲ ತಂದು ಕೂರಿಸಿದ ಇಂಜಿನಿಯರು ಸಂಘಮಿತ್ರ. ಚಿಕ್ಕಬಳ್ಳಾಪುರದಲ್ಲಿ ಗೆಳತಿಯರ ಜೊತೆ ಒಂದು ಪುಟ್ಟ ಕಂಪನಿ ತೆರೆದಿದ್ದಾಳೆ, ಇದು ಅವಳ ಮೊದಲ ದೊಡ್ಡ ಕೆಲಸ. ಫ್ಯಾಕ್ಟರಿಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ ಅವಳು ಗಂಗುಲಮ್ಮನ ಅಣ್ಣ ಕೆಂಪರಾಜುವಿನ ಮಗಳು.

"ಅತ್ತೆ, ಅಲ್ಲಿ ನೀನು ನಂಗೆ ಮೇಡಂ ಅನ್ಬೇಕು. ನಾನು ಗಂಗುಲಮ್ಮನೋರೆ ಅಂತೀನಿ. ಇಲ್ದಿದ್ರೆ ಅತ್ತೆ ಮಿಷನ್ನಿಗೆ ಜಾಸ್ತಿ ಮಾರ್ಕ್ಸ್ ಹಾಕಿದ್ಲು ಅಂತಾರೆ" ಎಂದು ಮಂಚೇನಹಳ್ಳಿಯ ಅಣ್ಣನ ಮನೆಯಲ್ಲೇ ಒಪ್ಪಂದವಾಗಿತ್ತು.

"ಆಯ್ತು ಮೇಡಂ" ಎಂದು ಗಂಗುಲಮ್ಮ ಅಲ್ಲೇ ಅಭ್ಯಾಸ ಶುರುಮಾಡಿದ್ದಳು.

ಟಿವಿ ಹೊತ್ತಿಕೊಂಡ ದಿನ ಅಕ್ಕಪಕ್ಕದ ಫ್ಯಾಕ್ಟರಿಯವರೆಲ್ಲ ನೋಡಲು ಬಂದರು. ಇಷ್ಟು ಚಿಕ್ಕ ಹುಡುಗಿ ಮಾಡಿದ್ದಾ ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡವರೇ ಎಲ್ಲ. ಗಂಗುಲಮ್ಮನ ಎದೆ ಹೆಮ್ಮೆಯಿಂದ ಉಬ್ಬಿತು, ಮರುಗಳಿಗೆಯಲ್ಲಿ ಝಲ್ಲೆಂದಿತು. ಅಷ್ಟೂ ಜನರ ಕಣ್ಣು ಮಗುವಿನ ಮೇಲೆ! ಆದರೆ ಹುಡುಗಿಗೆ ದೃಷ್ಟಿಬೊಟ್ಟು ಇಡುವಂತಿಲ್ಲ. ಬೌದ್ಧನಾದ ಮೇಲೆ ಅಣ್ಣ ಅಂಥದ್ದನ್ನೆಲ್ಲ ಮನೆಯಿಂದ ಆಚೆ ಹಾಕಿದ್ದ. ಸಂಘಮಿತ್ರ ಕೂಸಾಗಿದ್ದಾಗ ಗಂಗುಲಮ್ಮ ಕದ್ದು ಅವಳ ಕಿವಿಯ ಹಿಂದೆ ಕಾಡಿಗೆ ಹಚ್ಚುತ್ತಿದ್ದಳು. ಈಗ ಲ್ಯಾಪ್‌ಟಾಪ್ ಹಿಡಿದು ಓಡಾಡುವವಳ ಕಿವಿಗೆ ಕೈ ಹಾಕುವುದು ಹೇಗೆ? ಮಗುವಿಗೆ ಇಡಲಾಗದಿದ್ದರೇನು, ಮಗು ಮಾಡಿದ್ದಕ್ಕೆ ಇಡಬಹುದಲ್ಲ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಕ್ರೇಟೊಂದನ್ನು ಬೋರಲು ಹಾಕಿ ಹತ್ತಿ ನಿಂತಳು. ಕೈಯಲ್ಲಿ ಹರಳೆಣ್ಣೆಯ ಕಾಡಿಗೆ. ಆದರೆ ಇಡುವುದೆಲ್ಲಿ? ಈ ಡಬ್ಬಿಗೆ ಹಣೆ ಯಾವುದು, ಕೆನ್ನೆ ಯಾವುದು? ಮುಖವೆಲ್ಲ ಒಂದೇ ಕಣ್ಣು. ಕಡೆಗೆ ಗಾಜಿನ ಮೇಲ್ತುದಿಯೇ ಹಣೆಯೆಂದು ತೀರ್ಮಾನಿಸಿ, ಸಾಸಿವೆಯಷ್ಟು ಬೊಟ್ಟಿಟ್ಟು ನೆಟಿಗೆ ಮುರಿದಳು. ಮಿಕ್ಕ ಐದು ಡಬ್ಬಿಗೆ ಇಡಲಿಲ್ಲ. ಒಂದು ಕೂಸಿಗೆ ಒಂದು ಬೊಟ್ಟು ಸಾಕು.

ಅಂದು ಟಿವಿಯಲ್ಲಿ ನಾಲ್ಕನೇ ಮಿಷನ್ನು ಹಳದಿಯಾಯಿತು.

"ನೋಡ್ದಾ, ಬಿದ್ದೇಬಿಡ್ತು ಕಣ್ಣು!" ಎಂದು ಗಂಗುಲಮ್ಮ ತನಗೆ ತಾನೇ ಹೇಳಿಕೊಂಡು, ಮರುದಿನ ಬೊಟ್ಟನ್ನು ಕಡಲೆಯಷ್ಟು ಮಾಡಿದಳು. ಮಿಷನ್ನು ಕೆಂಪಾಯಿತು. ಅವರೆಕಾಳಿನಷ್ಟು ಮಾಡಿದಳು. ಇನ್ನೂ ಕೆಂಪಾಯಿತು. ಇಷ್ಟು ಕಾಡಿಗೆಗೂ ಬಗ್ಗದ ದೃಷ್ಟಿಯನ್ನು ಅವಳು ಜನ್ಮದಲ್ಲೇ ಕಂಡಿರಲಿಲ್ಲ.

ಮಿಷನ್ನೇನೋ ಎಂದಿನಂತೆ ಕ್ರೇಟು ಹೆರುತ್ತಲೇ ಇತ್ತು. ಗೋಡೌನು ನೋಡಿಕೊಳ್ಳುವ ಬಯ್ಯಪ್ಪ ಬಂದು, "ಸಾ, ಇಡಾಕೆ ಜಾಗ ಇಲ್ಲ ಸಾ" ಎಂದ. ಮೋಹನ್‌ಬಾಬು ಕ್ರೇಟುಗಳ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದುಬಂದು ಮೊಬೈಲು ತೋರಿಸಿದರು. "ಪ್ರೊಡಕ್ಷನ್ನು ಬಿದ್ದೋಗಿದೆ ಕಣಯ್ಯಾ, ಇಲ್ಲಿ ನೋಡು." ಬಯ್ಯಪ್ಪ ಮೊಬೈಲು ನೋಡಿದ, ತಾರಸಿ ಮುಟ್ಟಿದ ಕ್ರೇಟಿನ ರಾಶಿ ನೋಡಿದ, "ಹೌದು ಸಾ" ಎಂದ. ಸಂಬಳ ಕೊಡುವವರ ಮೊಬೈಲಿಗೆ ಎದುರಾಡುವುದುಂಟೆ?

ಮೋಹನ್‌ಬಾಬು ಗಂಗುಲಮ್ಮನ ಹತ್ತಿರ ಬಂದರು. "ಸೋಮವಾರದ್ವರೆಗೂ ನೋಡ್ತೀನಮ್ಮ. ಆಗ್ಲೂ ಕೆಂಪಾಗೇ ಇದ್ರೆ ಈ ಮಿಷನ್ನು ಗುಜರಿಗೆ, ನೀನು ಹಿಂದ್ಗಡೆ ಶೆಡ್ಡಿಗೆ."

ಹಿಂದಿನ ಶೆಡ್ಡೆಂದರೆ ಒಡೆದ ಕ್ರೇಟುಗಳನ್ನು ಪುಡಿಮಾಡುವ ಜಾಗ. ಆ ಸದ್ದಿಗೆ ಕಿವಿ ಮಂಕಾಗುತ್ತದೆ. ಗಂಗುಲಮ್ಮನಿಗೆ ಅಳು ಬಂತು, ಶೆಡ್ಡಿಗಾಗಿ ಅಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಮಿಷನ್ನನ್ನು ಯಾರೋ ಸುತ್ತಿಗೆಯಿಂದ ಒಡೆಯುತ್ತಾರಲ್ಲ ಎಂದು.

ಅಂದು ಸಂಜೆ ಸಂಘಮಿತ್ರ ಚಿಕ್ಕಬಳ್ಳಾಪುರದಿಂದ ಫೋನ್ ಮಾಡಿದಳು. ಲ್ಯಾಪ್‌ಟಾಪಿನಲ್ಲಿ ಎಲ್ಲ ಜಾಲಾಡಿದ್ದಳು, ಎಲ್ಲೂ ತಪ್ಪು ಸಿಕ್ಕಿರಲಿಲ್ಲ.

"ಅತ್ತೆ, ಬೇಜಾರ್ ಮಾಡ್ಕೋಬೇಡ. ಮಿಷನ್ನು ನಿಲ್ಸಿ ಎಲ್ಲಾದ್ರೂ ಹೋಗ್ತಾ ಇದ್ಯಾ?"

ಗಂಗುಲಮ್ಮ ಫೋನ್ ಇಟ್ಟುಬಿಟ್ಟಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ಮಗು ಹೀಗೆ ಕೇಳಿತಲ್ಲ ಎಂದು ಹೊಟ್ಟೆ ಉರಿದುಹೋಯಿತು. ಹಾಗೆ ಉರಿದುಕೊಂಡೇ ಎದ್ದು ಹೋಗಿ ಕಾಡಿಗೆ ಡಬ್ಬಿ ಹುಡುಕಿದಳು.

ಸೋಮವಾರ ಮೋಹನ್‌ಬಾಬು, ಬಯ್ಯಪ್ಪ, ಲ್ಯಾಪ್‌ಟಾಪ್ ಸಮೇತ ಸಂಘಮಿತ್ರ, ಎಲ್ಲ ನಾಲ್ಕನೇ ಮಿಷನ್ನಿನ ಮುಂದೆ ಸೇರಿದರು. ಅಂದಿನ ಬೊಟ್ಟು ರೂಪಾಯಿ ನಾಣ್ಯದಷ್ಟಿತ್ತು. ಟಿವಿಯಲ್ಲಿ ಕೆಂಪೂ ಇಲ್ಲ, ಬರೀ ಸೊನ್ನೆ. ಕೆಳಗೆ ಮಾತ್ರ ಧಡಕ್ ಧಡಕ್ ಎಂದು ಕ್ರೇಟು ಬೀಳುತ್ತಿದೆ. ಸಂಘಮಿತ್ರ ಟಿವಿ ನೋಡಿದಳು, ಕ್ರೇಟು ನೋಡಿದಳು. ಲ್ಯಾಪ್‌ಟಾಪ್ ಮುಚ್ಚಿ ಬಯ್ಯಪ್ಪನ ಕೈಗಿಟ್ಟು, ಕ್ರೇಟು ಹತ್ತಿ ಕಣ್ಣಿನ ಗಾಜು ಸವರಿದಳು. ಬೆರಳೆಲ್ಲ ಕಪ್ಪಾಯಿತು. ಗ್ರೀಸಿರಬೇಕೆಂದು ಮೂಸಿ ನೋಡಿದಳು. ಹರಳೆಣ್ಣೆ. ಆ ವಾಸನೆಯ ಗುರುತು ಅವಳಿಗೆ ಹಾಲುಹಲ್ಲಿನ ಕಾಲದ್ದು. ಅತ್ತೆಯ ಕಡೆ ತಿರುಗಿದಳು, ಕಪ್ಪು ಬೆರಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡಳು.

"ಏನಮ್ಮಾ, ನಿನ್ನ ಸಿಸ್ಟಮ್ಮೇ ಡಬ್ಬಾನಾ?" ಎಂದರು ಮೋಹನ್‌ಬಾಬು. "ಹಂಗಿದ್ರೆ ಆರನ್ನೂ ಬಿಚ್ಕೊಂಡ್ ಹೋಗು."

ಗಂಗುಲಮ್ಮ ಮುಂದೆ ಬಂದಳು. ಶೆಡ್ಡಾದರೆ ಶೆಡ್ಡು.

"ಅವಳ್ದೇನೂ ತಪ್ಪಿಲ್ಲ ಸಾರ್. ನಾನೇ ಇಟ್ಟಿದ್ದು, ದೃಷ್ಟಿಬೊಟ್ಟು. ಅವತ್ತು ಅಷ್ಟೊಂದು ಜನ ನೋಡುದ್ರು, ಮಗೂಗೆ ಏನಾದ್ರೂ ಆಗ್ಬಿಟ್ಟಾತು ಅಂತ."

"ಯಾವ ಮಗು?"

"ನಮ್ಮಣ್ಣನ ಮಗಳು ಸಾರ್. ಮೇಡಂ."

ಮೋಹನ್‌ಬಾಬು ಗಂಗುಲಮ್ಮನನ್ನೊಮ್ಮೆ, ಸಂಘಮಿತ್ರಳನ್ನೊಮ್ಮೆ ನೋಡಿದರು. ಬಯ್ಯಪ್ಪ ಲ್ಯಾಪ್‌ಟಾಪನ್ನು ಎದೆಗವಚಿಕೊಂಡೇ ಕೇಳಿದ: "ಹಂಗಾದ್ರೆ ಗೋಡೌನ್‌ನಾಗೆ ಇರೋವು ನಿಜವಾದ ಕ್ರೇಟುಗಳೇನಾ ಸಾ?"

ಮೋಹನ್‌ಬಾಬು ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ಮೊಬೈಲನ್ನು ಜೇಬಿಗಿಳಿಸಿ, ನಗು ತಡೆಯಲಾರದೆ ಮುಖ ತಿರುಗಿಸಿಕೊಂಡು, "ಚಿಂತಾಮಣಿ ಟೊಮೆಟೊ ಮಂಡಿಗೆ ಕ್ರೇಟು ಕಳಿಸ್ಬೇಕು, ಲಾರಿ ಬರೋಕೆ ಹೇಳಯ್ಯಾ" ಎನ್ನುತ್ತ ಗೋಡೌನಿನ ಕಡೆ ನಡೆದರು. ಹೋಗುತ್ತಲೇ ಕೂಗಿ ಹೇಳಿದರು: "ಗಂಗುಲಮ್ಮಾ, ಮಿಷನ್ನು ಇರ್ಲಿ ಬಿಡು. ಕಾಡಿಗೆ ಮಾತ್ರ ಬೇಡ!"

ಸಂಘಮಿತ್ರ ದುಪಟ್ಟಾದಿಂದ ಗಾಜು ಒರೆಸಿದಳು. ಮುಂದಿನ ಕ್ರೇಟು ಬಿದ್ದದ್ದೇ ಟಿವಿ ಎಣಿಸಿತು.

"ನಿನ್ನ ಹಂಗೆ ಕೇಳ್ಬಾರ್ದಾಗಿತ್ತು ಅತ್ತೆ" ಎಂದಳು. "ಆದ್ರೂ, ಯಾರಾದ್ರೂ ಕಣ್ಣಿಗೇ ಬೊಟ್ಟಿಡ್ತಾರಾ? ಕೆನ್ನೆಗೆ ಇಡ್ಬೇಕು."

"ಅದಕ್ಕೆ ಕೆನ್ನೆ ಎಲ್ಲೈತಮ್ಮ?"

ಸಂಘಮಿತ್ರ ಡಬ್ಬಿಯ ಪಕ್ಕದ ತಗಡು ತೋರಿಸಿದಳು. ಗಂಗುಲಮ್ಮ ಅತ್ತಿತ್ತ ನೋಡಿ, ಕಡ್ಡಿಯಷ್ಟೂ ಆಚೀಚೆ ಹೋಗದಂತೆ ಅಲ್ಲೊಂದು ಬೊಟ್ಟಿಟ್ಟಳು. ಬೆರಳ ತುದಿಯಲ್ಲಿ ಇನ್ನೂ ಸ್ವಲ್ಪ ಕಾಡಿಗೆ ಮಿಕ್ಕಿತ್ತು. ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು.

ಸಂಘಮಿತ್ರ ಕೂದಲು ಸರಿಸಿ, ಕಿವಿ ಮಡಚಿ, ತಲೆ ಬಗ್ಗಿಸಿದಳು.

"ಬೇಗ ಅತ್ತೆ. ಅಪ್ಪಂಗೆ ಹೇಳ್ಬೇಡ."

ಗಂಗುಲಮ್ಮ ಮಿಕ್ಕ ಕಾಡಿಗೆಯನ್ನೆಲ್ಲ ಅವಳ ಕಿವಿಯ ಹಿಂದೆ ಹಚ್ಚಿದಳು.

"ಆಯ್ತು ಮೇಡಂ" ಎಂದಳು.