ಓಬಕ್ಕನ ಕೈಯಲ್ಲಿದ್ದ ಬ್ರೇಕು

ನಮ್ಮ ಕುಕ್ಕುವಾಡದಲ್ಲಿ ಗಾಡಿ ಓಡದಿದ್ದರೆ ಅದೇ ದಿನ ಮೇಸ್ತ್ರಿಗೆ ಫೋನ್ ಹೋಗುತ್ತದೆ. ಗಾಡಿ ನಿಲ್ಲದಿದ್ದರೆ ಮಾತ್ರ ಯಾರಿಗೂ ಅವಸರವಿಲ್ಲ. ನಿಲ್ಲದ ಗಾಡಿಯನ್ನು ವರ್ಷಗಟ್ಟಲೆ ಓಡಿಸುವ ಗಂಡಸರು ನಮ್ಮೂರಲ್ಲಿದ್ದಾರೆ, ನಿಮ್ಮೂರಲ್ಲೂ ಇರಬಹುದು. ನನ್ನ ಮಾವ ಕೆಂಚಣ್ಣ ಅಂಥವರಲ್ಲಿ ಒಬ್ಬರು.

ನಾನು ಸುಧಾ, ಆ ಮನೆಯ ಸೊಸೆ. ಈ ಕಥೆಯನ್ನು ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮೊದಲ ಸಲ ಹೇಳಿದಾಗ ಸಿಟ್ಟಿಗೆ ಕೂಗಾಡಿಬಿಟ್ಟಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಮಾವನ ಜೀಪಿಗೆ ಮೂವತ್ತು ವರ್ಷ. ನಾಲ್ಕೂ ಚಕ್ರ ಎಳೆಯುವ ಗಾಡಿ. ಗದ್ದೆಯ ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ಅದು ಎಳೆದು ಹಾಕಿದ್ದನ್ನು ಮಾವ ಮೀಸೆ ತಿರುವಿಕೊಂಡು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಪ್ರತಿ ಅಮಾವಾಸ್ಯೆಗೂ ಅದಕ್ಕೆ ಸ್ನಾನ, ವಿಭೂತಿ, ಹೂವಿನ ಹಾರ. ಚಕ್ರಕ್ಕೊಂದು ನಿಂಬೆಹಣ್ಣು, ಮುಂದುಗಡೆ ಬೂದುಗುಂಬಳ. ಇಷ್ಟೆಲ್ಲ ಮಾಡುವವರು ಒಂದು ದಿನವಾದರೂ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಎಷ್ಟಿದೆ ಎಂದು ನೋಡಿದವರಲ್ಲ.

ಎರಡು ವರ್ಷದ ಹಿಂದೆ ಆ ಜೀಪಿನ ಹ್ಯಾಂಡ್‌ಬ್ರೇಕ್ ವೈರು ತುಂಡಾಯಿತು. ಮಾವ ಹೊಸದು ಹಾಕಿಸಲಿಲ್ಲ. ಗದ್ದೆಗೆ ನೀರು ತರುವ ಚಾನಲ್ ಪಕ್ಕದಿಂದ ಒಂದು ಗುಂಡುಕಲ್ಲು ತಂದು ಮುಂದಿನ ಸೀಟಿನ ಕೆಳಗಿಟ್ಟರು. ಆ ಸೀಟಿನಲ್ಲಿ ಕೂರುವವರು ನನ್ನ ಅತ್ತೆ ಓಬಕ್ಕ. ಜೀಪು ನಿಧಾನವಾದ ಕೂಡಲೇ ಅವರು ಕಲ್ಲು ಎತ್ತಿಕೊಂಡು ಕೆಳಗೆ ಧುಮುಕಬೇಕು, ಹಿಂದಕ್ಕೆ ಓಡಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು. ಆಮೇಲೆ ಮಾವ ಆರಾಮಾಗಿ ಇಳಿದು ಬೀಡಿ ಹಚ್ಚುವರು. ಐವತ್ತೈದು ದಾಟಿದ ಹೆಂಗಸು! "ಕೆಂಚಣ್ಣನ ಜೀಪಿಗೆ ಓಬಕ್ಕನೇ ಹ್ಯಾಂಡ್‌ಬ್ರೇಕು" ಎಂದು ಊರೆಲ್ಲ ನಗುತ್ತಿತ್ತು. ನಾನೂ ನಕ್ಕಿದ್ದೇನೆ. ಅದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ಒಮ್ಮೆ ದಾವಣಗೆರೆಯಲ್ಲಿ ಟೈರು ಪಂಕ್ಚರಾಯಿತು. ಕೆ.ಬಿ. ಬಡಾವಣೆಯ ಹಿಂದೆ ಹಿದಾಯತ್ ಮೇಸ್ತ್ರಿಯ ಗ್ಯಾರೇಜಿದೆ, ಅಲ್ಲಿಗೆ ಹೋದೆವು. ಅತ್ತೆ ಕಲ್ಲು ಹಿಡಿದು ಧುಮುಕಿದ್ದನ್ನು ಮೇಸ್ತ್ರಿ ನೋಡಿದರು.

"ಅಮ್ಮಾ, ಗಾಡಿ ನಿಲ್ಲಾಕ ಮುಂಚೆ ಯಾಕ ಇಳಿತೀರಿ?"

"ನಾನು ಇಳಿದ್ರೇ ಅದು ನಿಲ್ಲಾದಪ್ಪ," ಅಂದರು ಅತ್ತೆ, ನಗುತ್ತಾ.

ಮೇಸ್ತ್ರಿ ನಗಲಿಲ್ಲ. ಜೀಪು ಹತ್ತಿ ಬ್ರೇಕ್ ಪೆಡಲ್ ಒತ್ತಿ ನೋಡಿದರು.

"ಕೆಂಚಣ್ಣ, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗ್ತೈತೆ. ಒಳಗೆ ಚಕ್ರ ಹಿಡಿಯಾ ಲೈನರ್ ಸವೆದಿರಬೇಕು. ಹ್ಯಾಂಡ್‌ಬ್ರೇಕ್ ಅಂತೂ ಇಲ್ಲವೇ ಇಲ್ಲ. ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗ್ರಿ. ನಾಡಿದ್ದು ಬಂದು ತಗೊಂಡು ಹೋಗ್ರಿ."

"ಕಲ್ಲು ಐತಲ್ಲ ಬಿಡಪ್ಪ. ಎಲ್ಡು ವರ್ಷ ಆತು, ಒಂದಿನಾನೂ ಗಾಡಿ ಜಾರಿಲ್ಲ."

"ಜಾರೋ ದಿನ ಚಕ್ರದ ಹಿಂದೆ ಯಾರು ಇರ್ತಾರೆ? ನೀವಲ್ಲ, ಅಮ್ಮ."

"ನೀವೆಲ್ಲ ಹಿಂಗೇ ಹೆದರಿಸಿ ಗಾಡಿ ಬಿಚ್ಚಿಸ್ತೀರಿ. ನಂಗೊತ್ತಿಲ್ಲೇನು, ಮೇಸ್ತ್ರಿಗಳ ಬುದ್ಧಿ!"

ಪಂಕ್ಚರ್ ಹಾಕಿಸಿಕೊಂಡು ಹೊರಟೇಬಿಟ್ಟರು. ಮೇಸ್ತ್ರಿಯ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

ಎಳ್ಳಮಾವಾಸ್ಯೆ ಬಂತು. ಹರಿಹರಕ್ಕೆ ಹೋಗಿ ತುಂಗಭದ್ರೆಯಲ್ಲಿ ಮಿಂದು ಬರುವುದೆಂದು ಮಾವ, ಅತ್ತೆ, ನಾನು, ಪಕ್ಕದ ಮನೆಯ ಹಂಪವ್ವ ನಾಲ್ವರೂ ಹೊರಟೆವು. ಅಲ್ಲಿ ಹೊಳೆಗೆ ಇಳಿಯಲು ಕಾಂಕ್ರೀಟಿನ ಇಳಿಜಾರಿದೆ; ಎಲ್ಲರೂ ಗಾಡಿಯನ್ನು ಮೇಲೆ ನಿಲ್ಲಿಸಿ ನಡೆದು ಇಳಿಯುತ್ತಿದ್ದರು. ಮಾವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಹತ್ತು ಜನ ನೋಡಲಿ ಎಂದು ಜೀಪನ್ನು ನೀರಿಗೇ ಇಳಿಸಿದರು. ಅರ್ಧ ಚಕ್ರ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ ಅರ್ಧ ತಾಸು ತೊಳೆದರು. ಹಾರ ಹಾಕಿ, ಕರ್ಪೂರ ಬೆಳಗಿ, ಎಂಜಿನ್ ಚಾಲು ಮಾಡಿದರು.

ಜೀಪು ನೀರು ಸುರಿಸುತ್ತಾ ಏರು ಹತ್ತಿತು. ಗೇರು ಬದಲಿಸಲೆಂದು ಮಾವ ಏರಿನ ನಡುವೆಯೇ ಗಾಡಿ ನಿಲ್ಲಿಸಿದರು. ಇಂಥ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕ ಸಣ್ಣ ಲಿವರ್ ಇರುತ್ತದೆ. ಕೆಸರಿಗೆ, ಏರಿಗೆ ಒಂದು ಕಡೆ, ರಸ್ತೆಗೆ ಇನ್ನೊಂದು ಕಡೆ ಅದನ್ನು ತಳ್ಳಬೇಕು. ಪೂರ್ತಿ ಏರು ಹತ್ತಿ, ಸಮನಾದ ಜಾಗದಲ್ಲಿ ಅದನ್ನು ಬದಲಿಸಬಹುದಿತ್ತು. ಮಾವನಿಗೆ ಅಷ್ಟೂ ತಾಳ್ಮೆ ಇರಲಿಲ್ಲ.

"ಏಯ್, ಕಲ್ಲು!" ಎಂದು ಕೂಗಿದರು.

ಅತ್ತೆ ಧುಮುಕಿದರು. ಮಾವ ಸಣ್ಣ ಲಿವರ್ ಎಳೆದರು. ಅದು ನಡುವೆಯೇ ಸಿಕ್ಕಿಕೊಂಡಿತು. ಜೀಪು ಹಿಂದಕ್ಕೆ ಸರಿಯಿತು. ಮಾವ ಬ್ರೇಕ್ ಒತ್ತಿದರು, ಪೆಡಲ್ ನೆಲ ಮುಟ್ಟಿತೇ ಹೊರತು ಚಕ್ರ ಹಿಡಿಯಲಿಲ್ಲ. ಫಸ್ಟ್ ಗೇರಿಗೆ ತಳ್ಳಿದರು, ಅದೂ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ನಾನು ಕಂಬಿಗೆ ಜೋತುಬಿದ್ದೆ. ಹಂಪವ್ವ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆಗ ಅತ್ತೆ ಕೂಗಿದರು. ಅಂಥ ಕೂಗನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಒದ್ದೆ ಕಾಂಕ್ರೀಟಿನ ಮೇಲೆ ಕಲ್ಲು ಜಾರಿತ್ತು. ಕಲ್ಲಿನ ಮೇಲಿದ್ದ ಅವರ ಬಲಗೈ ಚಕ್ರಕ್ಕೆ ಸಿಕ್ಕಿತ್ತು. ಜೀಪು ಓರೆಯಾಗಿ ಉರುಳಿ ಪಕ್ಕದ ಜಲ್ಲಿ ರಾಶಿಗೆ ಹೊಕ್ಕು ನಿಂತಿತು. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬುಟ್ಟಿ ಬಿಟ್ಟು ಓಡಿದ್ದರು. ಜಲ್ಲಿ ರಾಶಿ ಇಲ್ಲದಿದ್ದರೆ ಅವರಲ್ಲಿ ಯಾರ ಮೇಲೆ ಹೋಗುತ್ತಿತ್ತೋ.

ಯಾರದೋ ಆಟೋದಲ್ಲಿ ಅತ್ತೆಯನ್ನು ದಾವಣಗೆರೆಯ ಆಸ್ಪತ್ರೆಗೆ ತಂದೆವು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಜಜ್ಜಿಹೋಗಿದ್ದವು. ಎರಡರಲ್ಲೂ ಎರಡೆರಡು ಗೆಣ್ಣು ತೆಗೆಯಬೇಕು ಎಂದರು ಡಾಕ್ಟರು. ಹೇಗಾಯಿತು ಎಂದು ಕೇಳಿದರು.

"ಬಾಗಲಿಗೆ ಸಿಕ್ಕಿಬಿತ್ರಿ," ಅಂದರು ಮಾವ.

ನನ್ನ ಮೈ ಉರಿದುಹೋಯಿತು. "ಬಾಗಲಿಗಲ್ಲ ಡಾಕ್ಟ್ರೇ. ನಮ್ಮ ಜೀಪಿಗೆ ಬ್ರೇಕ್ ಇಲ್ಲ. ಅದಕ್ಕೇ ನಮ್ಮತ್ತೆ ಕೈಯಿಂದ ನಿಲ್ಲಿಸ್ತಿದ್ರು," ಎಂದೆ. ಮಾವ ನನ್ನನ್ನು ದುರುಗುಟ್ಟಿ ನೋಡಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಇಷ್ಟಾದ ಮೇಲಾದರೂ ಬುದ್ಧಿ ಬಂತು ಅಂದುಕೊಂಡಿರಾ? ಜಲ್ಲಿಯಿಂದ ಎಳೆಸಿದ ಅದೇ ಜೀಪಿನಲ್ಲಿ ಮನೆಗೆ ಬಂದವರೇ ಮಾವ, "ಜನದ ಕಣ್ಣು ಬಿತ್ತು, ದೃಷ್ಟಿ ಆತು" ಎಂದು ಇನ್ನೂ ದೊಡ್ಡ ಕುಂಬಳಕಾಯಿ ತಂದು ಜೀಪಿನ ಮುಂದೆ ಒಡೆದರು. ಒಳಗೆ ನಾನು ಅತ್ತೆಗೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದೆ. ಊರಿನಲ್ಲಿ ಅವರಷ್ಟು ಚುರುಕಾಗಿ ಭತ್ತದ ಸಸಿ ನೆಡುವವರು ಇರಲಿಲ್ಲ. ಈಗ ತಮ್ಮ ತುತ್ತು ತಾವು ಎತ್ತಿಕೊಳ್ಳಲಾರರು. ಕಾಯಿ ಒಡೆದ ಸದ್ದು ಕೇಳಿ ಅವರ ಕಣ್ಣಲ್ಲಿ ನೀರು ಬಂತು.

ವಾರ ಕಳೆದು ನಾಟಿ ಶುರುವಾಯಿತು. ಬೆಳಿಗ್ಗೆ ಹಂಪವ್ವ ಸೇರಿ ಹತ್ತು ಹೆಂಗಸರು ಜೀಪು ಹತ್ತಿ ಕೂತರು. ನಾನೂ ಹತ್ತಲು ಹೋದೆ.

"ಸುಧಾ, ಹಿಂದೆ ಬ್ಯಾಡ, ಮುಂದೆ ಬಾ," ಎಂದು ಮಾವ ಕರೆದರು. "ಸೀಟಿನ ಕೆಳಗೆ ಕಲ್ಲು ಐತೆ. ಇನ್ಮುಂದೆ ನೀನು ನೋಡ್ಕೊ."

ಹೆಂಡತಿಯ ಬೆರಳು ಹೋಗಿ ಹತ್ತು ದಿನ ಆಗಿಲ್ಲ, ಹೊಲಿಗೆ ಒಣಗಿಲ್ಲ, ಸೊಸೆಯ ಕೈಗೆ ಕಲ್ಲು ಕೊಡುತ್ತಾರೆ! ಅಲ್ಲಿಯವರೆಗೆ ನಾನು ಮಾವನಿಗೆ ಎದುರಾಡಿದವಳಲ್ಲ. ಅವತ್ತು ಆಡಿದೆ.

"ನಾನು ಮುಟ್ಟಂಗಿಲ್ಲ. ನನ್ನ ಕೈಯಾಗೂ ಐದೇ ಬೆರಳು ಇರಾದು ಮಾವಾರೇ. ನಿಮ್ಮ ಗಾಡಿಗೆ ವೈರು ಬೇಕು, ನನ್ನ ಕೈ ಅಲ್ಲ."

"ಹಿರೇರು ಕಿರೇರು ಅನ್ನಾದು ಇಲ್ಲೇನು ನಿಂಗೆ?"

ಹಂಪವ್ವ ಹಿಂದಿನಿಂದ ಇಳಿದು ಬಂದರು. "ಹಿರೇರಾಗಿ ನೀವು ಮಾಡಿದ್ದೇನು ಕೆಂಚಣ್ಣ? ನಾವು ಹತ್ತು ಜನ ಇದ್ರಾಗೆ ಕುಂತೀವಿ. ಮನ್ಯಾಗ ಮಕ್ಕಳು ಅದಾವು ನಮಗೆ. ಬ್ರೇಕ್ ಹಿಡಿಯಾತನಕ ಈ ಗಾಡಿ ಹತ್ತಂಗಿಲ್ಲ. ಇಳೀರೇ ಎಲ್ಲಾರೂ."

ಹತ್ತೂ ಜನ ಇಳಿದರು.

"ಹೆಂಗಸರ ಮಾತು ಕೇಳಿ ಗಾಡಿ ಬಿಚ್ಚಿಸ್ಬೇಕೇನು ನಾನು?" ಎಂದು ಮಾವ ಕೂಗಾಡಿದರು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಕೈಗೆ ದೊಡ್ಡ ಬ್ಯಾಂಡೇಜು. ಜೋರು ಮಾತಾಡುವ ಹೆಂಗಸೇ ಅಲ್ಲ ಅವರು.

"ನನ್ನ ಕೈ ಹೋತು, ಸುಮ್ನಿದ್ದೆ. ಆ ಹುಡುಗಿ ಕೈಗೆ ಕಲ್ಲು ಕೊಟ್ರೆ ನಾನು ಈ ಮನ್ಯಾಗ ಒಂದು ತುತ್ತು ಉಣ್ಣಂಗಿಲ್ಲ. ನೋಡ್ರಿ ಮತ್ತೆ."

ನಾವು ಚಾನಲ್ ಏರಿಯ ಮೇಲೆ ನಡೆದೇ ಗದ್ದೆಗೆ ಹೋದೆವು. ಸಂಜೆ ಬಂದಾಗ ಜೀಪು ಇದ್ದಲ್ಲೇ ಇತ್ತು. ಮಾವ ಹಿದಾಯತ್ ಮೇಸ್ತ್ರಿಗೆ ಫೋನ್ ಮಾಡಿದ್ದರು. "ಬ್ರೇಕ್ ಇಲ್ಲದ ಗಾಡಿನ ರಸ್ತೆಗೆ ತರಬ್ಯಾಡ್ರಿ, ಹಗ್ಗ ಕಟ್ಟಿನೂ ಎಳಿಬ್ಯಾಡ್ರಿ. ನಾನೇ ಬರ್ತೀನಿ," ಎಂದಿದ್ದರಂತೆ ಮೇಸ್ತ್ರಿ.

ಮರುದಿನ ಅವರು ನಮ್ಮ ಅಂಗಳದಲ್ಲೇ ಹಿಂದಿನ ಚಕ್ರ ಬಿಚ್ಚಿದರು. ಚಕ್ರದ ಬ್ರೇಕ್ ಡ್ರಮ್ಮಿನೊಳಗಿಂದ ಗದ್ದೆಯ ಕೆಸರು ಹೆಂಟೆ ಹೆಂಟೆಯಾಗಿ ಉದುರಿತು. ಲೈನರ್ ಪೂರ್ತಿ ಸವೆದು ಬರೀ ರಿವೀಟು ಮೊಳೆ ಉಳಿದಿತ್ತು. ಬ್ರೇಕ್ ಆಯಿಲ್ ಡಬ್ಬಿಯ ತಳದಲ್ಲಿ ಕಪ್ಪಗೆ ಒಂದಿಷ್ಟು ಅಂಟಿಕೊಂಡಿತ್ತು.

ಮಾವ ಬಗ್ಗಿ ನೋಡಿದರು. "ದೃಷ್ಟಿ ಆಗಿದ್ದಲ್ಲೇನು ಹಂಗಾರೆ?"

"ದೃಷ್ಟಿಗೆ ಲೈನರ್ ಸವೆಯಂಗಿಲ್ಲ ಕೆಂಚಣ್ಣ."

"ಅದಿರ್ಲಿ, ಗೇರಿಗೆ ಹಾಕಿದ್ನಲ್ಲ, ಯಾಕ ನಿಲ್ಲಲಿಲ್ಲ?"

"ಸಣ್ಣ ಲಿವರ್ ನಡುವೆ ನಿಂತಿತ್ತಲ್ಲ. ನಡುವೆ ನಿಂತ್ರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ತೈತೆ. ಆಮೇಲೆ ನೀವು ಯಾವ ಗೇರ್ ಹಾಕಿದ್ರೂ ಗಾಡಿ ಉರುಳ್ತೈತೆ. ಏರಿನಾಗೆ ಆ ಲಿವರ್ ಮುಟ್ಟಾದೇ ತಪ್ಪು. ಆವಾಗ ಹಿಡಿಯಾದು ಹ್ಯಾಂಡ್‌ಬ್ರೇಕ್ ಒಂದೇ. ಅದನ್ನೇ ನೀವು ಇಟ್ಟಿರಲಿಲ್ಲ."

"ಮತ್ತೆ ನೀರಿಗೆ ಇಳಿಸಿದ್ದು?" ಎಂದರು ಹಂಪವ್ವ.

"ಡ್ರಮ್ಮಿಗೆ ನೀರು ಹೊಕ್ರೆ ಹೊಸ ಲೈನರೂ ಜಾರ್ತೈತೆ ಅಮ್ಮಾ. ನೀರು ದಾಟಿದ ಮ್ಯಾಲೆ, ಸಮನಾದ ಜಾಗದಾಗೆ ನಿಧಾನಕ್ಕೆ ಓಡಿಸ್ತಾ ನಾಕೈದು ಸಲ ಬ್ರೇಕ್ ಒತ್ತಬೇಕು. ಬಿಸಿಗೆ ನೀರು ಆರ್ತೈತೆ. ಬ್ರೇಕ್ ಹಿಡಿದ್ರಷ್ಟೇ ಮುಂದೆ ಹೋಗ್ಬೇಕು. ಕೆಸರು ಗದ್ದೆಗೆ ಹೋಗೋ ಗಾಡಿ ಆದ್ರೆ ನಾಟಿ ಮುಗಿದ ಕೂಡ್ಲೇ ಡ್ರಮ್ ಬಿಚ್ಚಿಸಿ ತೊಳೆಸ್ರಿ."

ಮಾವ ಆ ಸವೆದ ಲೈನರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದರು. ಯಾರೂ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಎರಡೇ ದಿನ! ಹೊಸ ಲೈನರು, ಹೊಸ ಬ್ರೇಕ್ ಆಯಿಲ್, ಹೊಸ ವೈರು. ಮೂರನೆಯ ದಿನ ಮೇಸ್ತ್ರಿ ಹೇಳಿದಂತೆ ಜೀಪನ್ನು ಚಾನಲ್ ಏರಿಯ ಇಳಿಜಾರಿಗೆ ಒಯ್ದೆವು. ಮುಂದಿನ ಸೀಟಿನಲ್ಲಿ ಅತ್ತೆ. ಏರಿನ ನಡುವೆ ಮಾವ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಅತ್ತೆ ರೂಢಿಯಂತೆ ಇಳಿಯಲು ಒಂದು ಕಾಲು ಹೊರಗಿಟ್ಟಿದ್ದರು.

"ಕುತ್ಕ. ಇಳಿಬ್ಯಾಡ," ಅಂದರು ಮಾವ.

ಜೀಪು ಒಂದಿಂಚೂ ಅಲುಗಲಿಲ್ಲ. ಅತ್ತೆ ಹೊರಗಿಟ್ಟ ಕಾಲನ್ನು ಒಳಗೆಳೆದುಕೊಂಡರು. ಆಮೇಲೆ ಮಾವ ಕಣ್ಣೊರೆಸಿಕೊಂಡು, "ಇದನ್ನ ಅವತ್ತೇ ಮಾಡಿಸ್ಬೋದಿತ್ತಲ್ಲ ಓಬಿ" ಎಂದರು.

"ಮಾಡಿಸ್ಬೋದಿತ್ತು," ಅಂದರು ಅತ್ತೆ.

ಹೋಗಲಿ ಬಿಡಿ ಎನ್ನಲಿಲ್ಲ. ಆಗಿದ್ದು ಆಗಿಹೋಯಿತು ಎನ್ನಲಿಲ್ಲ. ಅವರು ಹಾಗೆ ಅನ್ನದೇ ಇದ್ದದ್ದು ನನಗೆ ಒಳ್ಳೆಯದೆನಿಸಿತು. ಈಗ ಮಾವ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡುತ್ತಾರೆ. ಪೆಡಲ್ ಒತ್ತಿ, ಅದು ಮೆತ್ತಗಾಗಿದ್ದರೆ ಗಾಡಿ ತೆಗೆಯುವುದಿಲ್ಲ. ಅಮಾವಾಸ್ಯೆ ಪೂಜೆಯನ್ನೂ ಬಿಟ್ಟಿಲ್ಲ, ಅದನ್ನು ಬಿಡಿ ಎಂದು ನಾವೂ ಹೇಳಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಪ್ಪಂದಿರೇ, ಹಳೆಯ ಗಾಡಿ ಇಟ್ಟುಕೊಂಡಿದ್ದು ತಪ್ಪಲ್ಲ. ಅದರ ಕೆಟ್ಟ ಬ್ರೇಕನ್ನು ಮನೆಯವರ ಮೈಮೇಲೆ ಹಾಕಿದ್ದು ತಪ್ಪು. ಇವತ್ತೇ ನಿಮ್ಮ ಹ್ಯಾಂಡ್‌ಬ್ರೇಕ್ ಎಳೆದು ನೋಡಿ. ಏರಿನಲ್ಲಿ ಗಾಡಿ ನಿಲ್ಲಿಸಿ ಯಾರನ್ನೂ ಚಕ್ರದ ಹಿಂದೆ ಕಳಿಸಬೇಡಿ. ಅಕ್ಕಂದಿರೇ, ನೀವು ಕೂಲಿಗೆ ಹೋಗುವ ಗಾಡಿಗೆ ಬ್ರೇಕ್ ಇಲ್ಲವೆಂದು ಗೊತ್ತಾದರೆ ಹತ್ತಬೇಡಿ. ಒಬ್ಬಳೇ ಹೇಳಿದರೆ ಬೈಸಿಕೊಳ್ಳುತ್ತೀರಿ, ಹತ್ತು ಜನ ಇಳಿದು ನಿಂತರೆ ಕೇಳಲೇಬೇಕಾಗುತ್ತದೆ. ನಾವು ಕೇಳಿಸಿದ್ದೇವೆ, ಆದರೆ ಎರಡು ಬೆರಳು ಹೋದ ಮೇಲೆ. ನೀವು ಅದಕ್ಕೆ ಮುಂಚೆಯೇ ಇಳಿಯಿರಿ.